ಸುಗ್ಗಿ ಹಬ್ಬ, ಸವಾಲು, ಭಜನೆ: ಸುವಾರ್ತೆ ಸೇವೆಯಲ್ಲಿ ನನಗೆ ಸಿಕ್ಕ ಖುಷಿ

ನಾನು ಮಂಗಳೂರು ಕಡೆಯವನು, ಸುವಾರ್ತೆ ಸೇವೆ, ಅಂದರೆ ಯೇಸುವಿನ ಸಂದೇಶ ಸಾರುವ ಕೆಲಸ, ಮಾಡೋದು ಗದಗ-ಬೆಟಗೇರಿ ಸುತ್ತಲಿನ ಹಳ್ಳಿಗಳಲ್ಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡ ಸೇರಿದರು, ಆಮೇಲೆ ಈ ಕಡೆಗೂ ಬಂದರು. ಹಾಗಾಗಿ ಇಲ್ಲಿನ ಸಭೆಗಳು, ಅಂದರೆ ಚರ್ಚ್ ಸಮುದಾಯಗಳು, ಹಳೆಯವು. ಹಳೇ ಸಭೆ ಅಂದಮೇಲೆ ಹಳೇ ಜಗಳಗಳೂ ಇರುತ್ತವೆ, ಅದು ಬೇರೆ ಮಾತು.

ಸೇವೆಗೆ ಹೊಸದಾಗಿ ಬಂದ ಹುಡುಗರು "ನಿಮಗೆ ಬೇಜಾರಾಗಲ್ವಾ?" ಅಂತ ಕೇಳುತ್ತಾರೆ. ಆಗುತ್ತದೆ. ಆದರೆ ಹಬ್ಬಗಳಲ್ಲಿ ನಾನು ಯಜಮಾನಿಕೆ ಮಾಡೋಕೆ ಹೋಗಲ್ಲ, ಊರವರು ಕರೆದಲ್ಲಿಗೆ ಹೋಗಿ ಕೂರುತ್ತೇನೆ, ನನ್ನ ಖುಷಿಯೆಲ್ಲ ಅಲ್ಲೇ ಸಿಕ್ಕಿದ್ದು. ಬೈಬಲ್‌ನ ಲೂಕ 10ನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಊರೂರಿಗೆ ಕಳಿಸುವಾಗ ಹಣದ ಚೀಲ ಬೇಡ, ಬಡಿಸಿದ್ದನ್ನು ಉಣ್ಣಿ ಅಂತಾನೆ. ಅವರು ವಾಪಸ್ ಬಂದದ್ದು ಸಂತೋಷದಿಂದ. ಚರ್ಚಿನ ಪ್ರಸಂಗದಲ್ಲಿ, ಅಂದರೆ ಉಪದೇಶದಲ್ಲಿ, ಆ ಸಂತೋಷವನ್ನು ಜೋರಾಗಿ ಹೇಳುತ್ತೇವೆ, ಊಟದ ಮಾತನ್ನು ಹಾರಿಸಿಬಿಡುತ್ತೇವೆ!

ಚರ್ಚಿನ ಸುಗ್ಗಿ ಹಬ್ಬಕ್ಕೆ ನಾನು ಪೆಂಡಾಲ್, ಅಡುಗೆಯವರು ಅಂತ ಹೊರಗಿನಿಂದ ತರಿಸಲ್ಲ. ಜೋಳದ ರೊಟ್ಟಿ ಮನೆಮನೆಯಿಂದ ಬರುತ್ತದೆ, ಬದನೆಕಾಯಿ ಎಣಗಾಯಿ ಒಬ್ಬರ ಮನೆಯದ್ದು, ಶೇಂಗಾ ಚಟ್ನಿ ಇನ್ನೊಬ್ಬರದ್ದು. ಗೋದಿ ಹುಗ್ಗಿ ಮಾತ್ರ ಚರ್ಚ್ ಹಿಂದೆ ದೊಡ್ಡ ಪಾತ್ರೆಯಲ್ಲಿ ಬೇಯುತ್ತದೆ, ಅದನ್ನು ತಿರುವೋಕೆ ನನ್ನನ್ನೂ ನಿಲ್ಲಿಸುತ್ತಾರೆ. ಆರಾಧನೆಯಲ್ಲಿ ಎಲ್ಲರೂ ಪ್ರಥಮ ಫಲ, ಅಂದರೆ ಬೆಳೆದದ್ದರ ಮೊದಲ ಪಾಲು, ತಂದು ಮುಂದೆ ಇಡುತ್ತಾರೆ: ಜೋಳದ ತೆನೆ, ಕಡ್ಲಿ ಗಿಡ, ಒಣಮೆಣಸಿನಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಪ್ರಾರ್ಥನೆ ನಡುವೆ ಆ ಕೋಳಿ ಕೂಗಿದರೆ ಮಕ್ಕಳು ಮುಖ ಮುಚ್ಚಿಕೊಂಡು ನಗುತ್ತಾರೆ. ನಾನು ಗದರಿಸಲ್ಲ.

ಆಮೇಲೆ ಸವಾಲು, ಅಂದರೆ ತಂದಿಟ್ಟದ್ದರ ಹರಾಜು. ಎಲ್ಲರೂ ಕಾಯೋದು ಇದಕ್ಕೇ. ಒಂದು ಕುಂಬಳಕಾಯಿ ಐವತ್ತು ರೂಪಾಯಿಗೆ ಶುರುವಾಗುತ್ತದೆ, ಅಣ್ಣ ಕೂಗಿದರೆ ತಮ್ಮ ಬಿಡಲ್ಲ, ಅಷ್ಟರಲ್ಲಿ ಹಿಂದಿನಿಂದ ಬೀಗರು ಕೂಗುತ್ತಾರೆ, ಕೊನೆಗೆ ಗೆದ್ದವನು ದುಡ್ಡು ಕೊಟ್ಟು "ಮತ್ತ ಸವಾಲಿಗಿಡ್ರಿ" ಅಂತ ಕಾಯಿಯನ್ನೇ ವಾಪಸ್ ಕೊಡುತ್ತಾನೆ. ಒಬ್ಬ ಅಜ್ಜಿ ಸೆರಗಿನಲ್ಲಿ ಎರಡು ಮೊಟ್ಟೆ ಕಟ್ಟಿಕೊಂಡು ಬಂದಿದ್ದರು. ಅವು ಹೀಗೇ ಕೈಯಿಂದ ಕೈಗೆ ಹೋಗಿ ಕೋಳಿಗಿಂತ ಜಾಸ್ತಿ ದುಡ್ಡು ತಂದವು. ಅಜ್ಜಿ "ಇಷ್ಟ್ ಬರ್ತೈತಿ ಅಂದ್ರ ಇನ್ನೆರಡು ತರ್ತಿದ್ನೆಲ್ಲ" ಅಂದಾಗ ಇಡೀ ಚರ್ಚ್ ನಕ್ಕಿತು. ಬೈಬಲ್‌ನ ಧರ್ಮೋಪದೇಶಕಾಂಡ 26ರಲ್ಲಿ ಪ್ರಥಮ ಫಲ ತಂದವರ ಜೊತೆ ಪರದೇಶಿಯೂ ಸಂತೋಷಪಡಬೇಕು ಅಂತ ಇದೆ. ಆ ಊರಲ್ಲಿ ಪರದೇಶಿ ಅಂದರೆ ನಾನೇ ಅಲ್ವಾ.

ಕ್ರಿಸ್‌ಮಸ್ ಹೊತ್ತಿಗೆ ರಾತ್ರಿ ಮನೆಮನೆಗೆ ಹಾಡಿಕೊಂಡು ಹೋಗುತ್ತೇವೆ. ಕೀಬೋರ್ಡ್ ಬೇಡ ಅಂದೆ. ಹಾರ್ಮೋನಿಯಂ, ದಪ್ಪು, ತಾಳ ಇದ್ದರೆ ಹಿರಿಯರೂ ಬರುತ್ತಾರೆ, ಭಜನೆ ಧಾಟಿ ಅವರಿಗೆ ಬಾಯಿಗೆ ಬಂದಿರುತ್ತದೆ. ನನಗೆ ತಾಳ ಕೂಡ ಕೊಡಲ್ಲ, ಲಾಟೀನು ಹಿಡಿಯೋ ಕೆಲಸ. ಪ್ರತಿ ಮನೆಯಲ್ಲೂ ಚಹಾ. ಬೇಡ ಅಂದರೆ "ಯಾಕ್ರಿ, ನಮ್ಮನಿ ಚಾ ಕುಡ್ಯಾಂಗಿಲ್ಲೇನು?" ಅಂತ ಕೇಳುತ್ತಾರೆ, ಕುಡಿಯಲೇಬೇಕು.

ಎಳ್ಳ ಅಮಾವಾಸ್ಯೆಗೆ ಪಕ್ಕದ ಮನೆಯವರು ಚರಗ ಚೆಲ್ಲೋಕೆ, ಅಂದರೆ ಭೂಮಿತಾಯಿಗೆ ಎಡೆಯಾಗಿ ಅಡುಗೆ ಚೆಲ್ಲೋಕೆ, ಹೊಲಕ್ಕೆ ಕರೆಯುತ್ತಾರೆ. ನಮ್ಮವರೇ ಕೆಲವರು "ಅಲ್ಲಿ ಪೂಜೆ ಇರುತ್ತಲ್ಲ" ಅಂತ ಮುಖ ಸಣ್ಣ ಮಾಡುತ್ತಾರೆ. ಪೂಜೆ ಹೊತ್ತಿಗೆ ನಾನು ಬದುವಿನ ಮೇಲೆ ನಿಂತಿರುತ್ತೇನೆ, ಆಮೇಲೆ ಜೊತೆಗೆ ಕೂತು ಸಜ್ಜಿ ರೊಟ್ಟಿ ತಿನ್ನುತ್ತೇನೆ. ಯಾರೂ ತಪ್ಪು ತಿಳಿದಿಲ್ಲ. ಅವರೂ ನಮ್ಮ ಸುಗ್ಗಿ ಹಬ್ಬಕ್ಕೆ ಬಂದು ಸವಾಲು ಕೂಗುತ್ತಾರೆ. ಹಾಗೆ ಬಂದವರನ್ನು ಮೂಲೆಗೆ ಕೂರಿಸಿ ಉಪದೇಶ ಶುರು ಮಾಡೋದು ನನಗೆ ಸರಿ ಬರಲ್ಲ. ಊಟಕ್ಕೆ ಬಂದವರಿಗೆ ಊಟ ಹಾಕಬೇಕು. ಅವರಾಗಿ ಕೇಳಿದರೆ ಹೇಳೋಣ.

ಹೊಸಬರಿಗೆ ಇನ್ನೊಂದು ವಿಷಯ. ಸುಗ್ಗಿ ಹಬ್ಬದ ದಿನವನ್ನು ಸುಮ್ನೆ ಕ್ಯಾಲೆಂಡರ್ ನೋಡಿ ಇಡಬೇಡಿ. ರಾಶಿ ಯಾವಾಗ ಮುಗಿಯುತ್ತದೆ ಅಂತ ಊರವರನ್ನೇ ಕೇಳಿ. ಕೊಯ್ಲಿನ ನಡುವೆ ಇಟ್ಟರೆ ಯಾರೂ ಬರಲ್ಲ, ಬಂದವರೂ ಮೋಡ ನೋಡುತ್ತಾ ಕೂರುತ್ತಾರೆ.