ಆಸ್ಟ್ರೋಸ್ಯಾಟ್ ಎಷ್ಟು ಫಲ ಕೊಟ್ಟಿತು: ನಾನು ಲೆಕ್ಕ ಹಾಕಿದ ಬಗೆ

ಭಾರತದ ಬಾಹ್ಯಾಕಾಶ ದೂರದರ್ಶಕ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿತು. ಐದು ವರ್ಷ ದುಡಿಯಲಿ ಅಂತ ಕಟ್ಟಿದ ಉಪಗ್ರಹ, ಆ ಗಡುವು ದಾಟಿದ ಮೇಲೂ ಕೆಲಸ ಮಾಡಿತು. ಎಂಜಿನಿಯರುಗಳ ಮಟ್ಟಿಗೆ ಅದು ಗೆಲುವೇ. ಅದರಿಂದ ವಿಜ್ಞಾನಕ್ಕೆ ಏನು ಸಿಕ್ಕಿತು ಅನ್ನೋದು ಬೇರೆ ಲೆಕ್ಕ. ಆ ಲೆಕ್ಕಕ್ಕೆ ಬೇಕಾದ ಸಂಶೋಧನಾ ಪೇಪರ್‌ಗಳ ಪಟ್ಟಿ ಮಾಡುವ ಕೆಲಸ ನನಗೆ ಬಂತು.

ಖಗೋಳ ಪೇಪರ್‌ಗಳನ್ನು ಹುಡುಕುವ ನಾಸಾದ ಎಡಿಎಸ್ ತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ರಾಶಿ ಪೇಪರ್ ಬರುತ್ತವೆ. ಎಷ್ಟೋ ಪೇಪರ್‌ಗಳು ಸುಮ್ನೆ ಹೆಸರು ಹೇಳಿ ಮುಂದೆ ಹೋಗಿರುತ್ತವೆ. ಇನ್ನು ಕೆಲವು ಸಾರಾಂಶದಲ್ಲಿ ಲ್ಯಾಕ್ಸ್‌ಪಿಸಿ (ಎಕ್ಸ್-ರೇ ಉಪಕರಣ), ಯುವಿಐಟಿ (ನೇರಳಾತೀತ ದೂರದರ್ಶಕ) ಅಂತ ಉಪಗ್ರಹದಲ್ಲಿರುವ ಉಪಕರಣದ ಹೆಸರನ್ನಷ್ಟೇ ಹೇಳುತ್ತವೆ. ಹಾಗಾಗಿ ಒಂದೊಂದನ್ನೂ ತೆರೆದು, ವೀಕ್ಷಣೆಗಳ ಕೋಷ್ಟಕ ಹುಡುಕುತ್ತಿದ್ದೆ. 900000 ಅಂತ ಶುರುವಾಗುವ ಹತ್ತಂಕಿಯ ವೀಕ್ಷಣಾ ಸಂಖ್ಯೆ ಅಲ್ಲಿ ಸಿಕ್ಕರೆ ದತ್ತಾಂಶ ನಿಜಕ್ಕೂ ಬಳಕೆಯಾಗಿದೆ ಅಂತ ಲೆಕ್ಕ. ಅದರ ಜೊತೆಗಿನ ಅಕ್ಷರವೂ ಮುಖ್ಯ. ಉಪಕರಣ ಕಟ್ಟಿದ ತಂಡಗಳ ಮೀಸಲು ಸಮಯಕ್ಕೆ ಜಿ, ಅರ್ಜಿ ಕರೆದು ಹಂಚಿದ ಸಮಯಕ್ಕೆ ಎ, ಆಕಾಶದಲ್ಲಿ ದಿಢೀರನೆ ಏನಾದರೂ ಆದಾಗ ಕೊಟ್ಟದ್ದಕ್ಕೆ ಟಿ.

ಆಮೇಲೆ ಪಟ್ಟಿಯನ್ನು ತಿರುಗಿಸಿದೆ. ಬ್ಯಾಲಾಳುವಿನ ದತ್ತಾಂಶ ಕೇಂದ್ರದಲ್ಲಿರುವ ಪ್ರತಿ ವೀಕ್ಷಣೆಗೂ ಒಂದು ಸಾಲು, ಅದರ ಎದುರಿಗೆ ಅದರಿಂದ ಬಂದ ಪೇಪರ್. ನನ್ನ ಮಟ್ಟಿಗೆ ಇದೇ ನಿಜವಾದ ಅಳತೆ. ಒಟ್ಟು ಪೇಪರ್ ಎಷ್ಟು ಅಂತ ಹೇಳಿದರೆ ಖಾಲಿ ಉಳಿದ ಸಾಲುಗಳು ಕಾಣುವುದೇ ಇಲ್ಲ.

ಆದರೆ ಖಾಲಿ ಸಾಲು ನೋಡಿ ವ್ಯರ್ಥ ಅನ್ನಬಾರದು. ಹೊಸಕೋಟೆಯಲ್ಲಿ ಜೋಡಿಸಿದ ಯುವಿಐಟಿ 2016ರ ಅಕ್ಟೋಬರ್‌ನಲ್ಲಿ ಆಕಾಶದ ಒಂದೇ ಜಾಗವನ್ನು 28 ಗಂಟೆಗೂ ಜಾಸ್ತಿ ನೋಡಿತ್ತು. 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯಿಂದ ತೀವ್ರ ನೇರಳಾತೀತ ಬೆಳಕು ಬಂದಿದೆ ಅಂತ ಪುಣೆಯ ಕನಕ್ ಸಾಹಾ ಅವರ ತಂಡ ಪ್ರಕಟಿಸಿದ್ದು 2020ರ ಆಗಸ್ಟ್‌ನಲ್ಲಿ. 2018ರಲ್ಲೇ ಲೆಕ್ಕ ಮುಗಿಸಿದ್ದರೆ ಆ ಸಾಲು ಖಾಲಿ ಇರುತ್ತಿತ್ತು, ಅಲ್ವಾ?

"ಇಲ್ಲ" ಅನ್ನುವ ಉತ್ತರವನ್ನೂ ನಾನು ಫಲ ಅಂತಲೇ ಬರೆದುಕೊಂಡೆ. 2017ರ ಜನವರಿ 4ರಂದು ಗುರುತ್ವ ಅಲೆ ಹಿಡಿಯುವ ಅಮೆರಿಕದ ಲೈಗೋಗೆ ಎರಡು ಕಪ್ಪುಕುಳಿಗಳು ಕೂಡಿದ ಗುರುತ್ವ ಅಲೆ ಸಿಕ್ಕಿತು. ಅದೇ ಭಾಗದ ಆಕಾಶದಲ್ಲಿ ಅಟ್ಲಾಸ್ ಟೆಲಿಸ್ಕೋಪ್ ಮಂಕಾಗುತ್ತಿದ್ದ ಬೆಳಕೊಂದನ್ನು ಕಂಡಿತು. ಎರಡಕ್ಕೂ ನಂಟಿರಬಹುದು ಅನ್ನಿಸುವಂತಿತ್ತು. ಆಸ್ಟ್ರೋಸ್ಯಾಟ್‌ನ ಇನ್ನೊಂದು ಎಕ್ಸ್-ರೇ ಉಪಕರಣ ಸಿಜೆಡ್‌ಟಿಐ ದಾಖಲೆ ನೋಡಿದರೆ ಅಲೆ ಬಂದ ಹೊತ್ತಿಗೆ ಏನೂ ಇಲ್ಲ. ಹೆಚ್ಚುಕಡಿಮೆ ಒಂದು ದಿನದ ನಂತರ ಒಂದು ಗಾಮಾ ಸ್ಫೋಟ ಇದೆ. ಆ ಬೆಳಕು ಅದರದ್ದು, ಕಪ್ಪುಕುಳಿಗಳದ್ದಲ್ಲ. ತಪ್ಪು ದಾರಿ ಹಿಡಿಯದಂತೆ ಎಲ್ಲರನ್ನೂ ತಡೆದ ಇಂಥ ಕೆಲಸ ನನಗೆ ಬಹಳ ದೊಡ್ಡದು.

ಪೇಪರ್‌ಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವುದನ್ನೂ ಎಣಿಸಿದೆ, ಆದರೆ ಉಪಕರಣವನ್ನು ವಿವರಿಸುವ ಪೇಪರ್‌ಗಳನ್ನು ಬೇರೆ ಇಟ್ಟು. ದತ್ತಾಂಶ ಬಳಸುವವರೆಲ್ಲ ಅವನ್ನು ಉಲ್ಲೇಖಿಸಲೇಬೇಕು, ಅವು ಸೇರಿದರೆ ಸರಾಸರಿ ಸುಮ್ನೆ ಏರುತ್ತದೆ.

2018ರ ಸೆಪ್ಟೆಂಬರ್‌ನಲ್ಲಿ ದತ್ತಾಂಶ ಭಂಡಾರವನ್ನು ಎಲ್ಲರಿಗೂ ತೆರೆದರು. ಅರ್ಜಿ ಹಾಕಿದ ತಂಡದವರಲ್ಲದವರು ಅಲ್ಲಿಂದ ತೆಗೆದು ಬರೆದ ಪೇಪರ್‌ಗಳಿಗೆ ಬೇರೆ ಕಾಲಂ ಮಾಡಿದ್ದೇನೆ. ಹಬಲ್‌ನಲ್ಲಿ ಇಂಥ ಪೇಪರ್‌ಗಳೇ ಮೂಲ ತಂಡದವರದ್ದಕ್ಕಿಂತ ಜಾಸ್ತಿ. ನಮ್ಮ ಪಟ್ಟಿಯಲ್ಲಿ ನಾನು ಮೊದಲು ನೋಡುವುದೂ ಆ ಕಾಲಮನ್ನೇ.