ಅರ್ಧಕ್ಕೇ ನಿಂತ ಟ್ಯೂನಿಂಗ್

ದೇವರಾಯನದುರ್ಗದ ಏರಿನಲ್ಲಿ ನನ್ನ ಹಳೇ ಡೀಸೆಲ್ ಕಾರು ತಿಣುಕುತ್ತಿತ್ತು. ಇಂಜಿನ್ನಿನ ಸಾಫ್ಟ್‌ವೇರ್ ತಿದ್ದಿ ಶಕ್ತಿ ಹೆಚ್ಚಿಸಿಕೊಡುವ, ಕೊರಿಯರಿನಲ್ಲಿ ಕೇಬಲ್ ಕಳಿಸುವ ಟ್ಯೂನರ್ ಒಬ್ಬರು ಸಿಕ್ಕರು. ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿಗೆ ಸಂಪರ್ಕ ಕೊಡುವ ಕಿಂಡಿ) ಆ ಕೇಬಲ್ ಸಿಕ್ಕಿಸಿ, ಇಸಿಯುನ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ, ಮೂಲ ಫೈಲ್ ತೆಗೆದು ಮೇಲ್ ಮಾಡಿದೆ. ಅವರು ಡೀಸೆಲ್ ಅಳತೆ, ಟರ್ಬೊ ಒತ್ತಡದ ಅಂಕಿಗಳನ್ನು ಬದಲಿಸಿ ವಾಪಸ್ ಕಳಿಸಿದರು. ತುಮಕೂರಿನ ಮನೆ ಮುಂದೆಯೇ ಫೈಲ್ ಹಾಕಲು ಕೂತೆ. ಅರ್ಧಕ್ಕೇ ನಿಂತಿತು. ಕಾರು ಸ್ಟಾರ್ಟೇ ಇಲ್ಲ! ಎದೆ ಧಸಕ್ಕೆಂದಿತು.

ಇಗ್ನಿಷನ್ ಆನ್, ಇಂಜಿನ್ ಆಫ್, ಬ್ಯಾಟರಿಯೋ ಹಳೆಯದು. ಮೀಟರ್ ಇಟ್ಟರೆ ಬರೀ 11.4 ವೋಲ್ಟ್; ಫೈಲ್ ಅರ್ಧಕ್ಕೆ ನಿಂತದ್ದು ಅದಕ್ಕೇ. ಬ್ಯಾಟರಿ ಅಂಗಡಿಯಿಂದ ಚಾರ್ಜರ್ ತಂದು ಹಾಕಿ, ಲೈಟು, ಫ್ಯಾನು ಎಲ್ಲ ಆರಿಸಿದೆ. 13 ವೋಲ್ಟ್ ದಾಟಿದ ಮೇಲೆ ರಿಕವರಿ ಮೋಡಿನಲ್ಲಿ (ಅರ್ಧಕ್ಕೆ ನಿಂತ ಇಸಿಯುಗೆ ಮತ್ತೆ ಫೈಲ್ ಹಾಕುವ ವಿಧಾನ) ಮೊದಲು ಮೂಲ ಫೈಲನ್ನೇ ಹಾಕಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅದೂ ಆಗದಿದ್ದರೆ ಇಸಿಯು ಬಿಚ್ಚಿ ಕೊರಿಯರ್ ಮಾಡಬೇಕಿತ್ತು. ಹೊಸ ಫೈಲ್ ಮರುದಿನ ಹಾಕಿದೆ, ಚಾರ್ಜರ್ ಸಮೇತ. ವಾರಂಟಿ ಹೋಗುತ್ತದೆ ಅಲ್ವಾ ಅಂತೀರಾ? ನನ್ನದು ಮುಗಿದು ಯಾವ ಕಾಲವಾಯಿತೋ.