ಅಣೆಕಟ್ಟೆಯ ಕೆಳಗಿನ ಊರು ಪ್ರವಾಹಕ್ಕೆ ಸಜ್ಜಾಗುವುದು ಹೇಗೆ?

ಅಣೆಕಟ್ಟೆಯ ಸುರಕ್ಷತೆ ಎಂಜಿನಿಯರುಗಳ ಹೊಣೆ. ಆದರೆ ಅಪಾಯದ ಸುದ್ದಿ ನದಿಪಾತ್ರದ ಕೊನೆಯ ಮನೆಯನ್ನು ತಲುಪಿ, ಆ ಮನೆಯವರೆಲ್ಲ ಎತ್ತರದ ನೆಲ ಸೇರುವುದು ಊರಿನವರ ಸಿದ್ಧತೆಯಿಲ್ಲದೆ ಸಾಧ್ಯವಿಲ್ಲ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು-2 ಅಣೆಕಟ್ಟೆಯ ಮಣ್ಣಿನ ಏರಿಗಳು ಕೊಚ್ಚಿಹೋದಾಗ ಮೋರ್ಬಿ ಪಟ್ಟಣಕ್ಕೆ ಮುನ್ಸೂಚನೆಯೇ ಸಿಗಲಿಲ್ಲ; ಸಾವಿರಾರು ಜನ ಸತ್ತರು. ಅದಕ್ಕೆ ಮೂರು ವರ್ಷ ಮೊದಲು ಅಮೆರಿಕದ ಟೀಟನ್ ಅಣೆಕಟ್ಟೆ ಹಗಲಿನಲ್ಲಿ ಒಡೆದು ಊರುಗಳೇ ನೀರುಪಾಲಾದರೂ ಸತ್ತವರು 11 ಮಂದಿ. ಜನವಸತಿ, ಭೂಸ್ವರೂಪ ಎಲ್ಲವೂ ಬೇರೆಯಾಗಿದ್ದವು, ನಿಜ. ಆದರೂ ಒಡೆಯುವ ಮೊದಲೇ ಹೊರಟ ಎಚ್ಚರಿಕೆ ಅಲ್ಲಿ ಬಹಳಷ್ಟು ಜೀವಗಳನ್ನು ಉಳಿಸಿತು.

ಮೊದಲಿಗೆ, ಬರಬಹುದಾದ ನೀರು ಎಂಥದ್ದೆಂದು ತಿಳಿಯಬೇಕು. ಕಟ್ಟೆ ಒಡೆಯುವುದು ಅಪರೂಪ. ಗೇಟು ತೆರೆದು ನೀರು ಬಿಡುವುದು ವಾಡಿಕೆ. ಆ ವಾಡಿಕೆಯ ನೀರೂ ಕೊಲ್ಲುತ್ತದೆ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಗೆ ಲಾರ್ಜಿ ಜಲಾಶಯದಿಂದ ಹಠಾತ್ತನೆ ಬಿಟ್ಟ ನೀರಿನಲ್ಲಿ ದಡದಲ್ಲಿದ್ದ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಹೊರಹರಿವಿನ ಅಂಕಿಗಳನ್ನು ಓದಲು ಊರಿನ ಕೆಲವರಾದರೂ ಕಲಿಯಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಎಷ್ಟು ಕ್ಯೂಸೆಕ್ ಬಿಟ್ಟರೆ ಯಾವ ಸೇತುವೆ ಮುಳುಗುತ್ತದೆ, ನೀರು ಯಾವ ಬೀದಿಗೆ ಬರುತ್ತದೆ ಎಂಬ ಹಿರಿಯರ ನೆನಪನ್ನು ಬರೆದಿಡಬೇಕು.

ಬಳಿಕ ಅಣೆಕಟ್ಟೆಯ ಅಧಿಕಾರಿಗಳಿಂದ ತುರ್ತು ಕ್ರಿಯಾ ಯೋಜನೆಯನ್ನೂ ಮುಳುಗಡೆ ನಕ್ಷೆಯನ್ನೂ ಕೇಳಿ ಪಡೆಯಿರಿ. ನಕ್ಷೆಯಲ್ಲಿ ನೀರಿನ ಎತ್ತರಕ್ಕಿಂತ ಮುಖ್ಯವಾದದ್ದು ಅದು ಊರು ತಲುಪಲು ಹಿಡಿಯುವ ಸಮಯ. ಆ ಸಮಯ ನಲವತ್ತು ನಿಮಿಷವಾದರೆ, ಒಂದು ಗಂಟೆ ನಡೆಯಬೇಕಾದ ಆಶ್ರಯ ತಾಣ ಎಷ್ಟೇ ಸುಸಜ್ಜಿತವಾಗಿದ್ದರೂ ನಿರುಪಯುಕ್ತ. ನೀರಿನ ಮಟ್ಟವನ್ನು ವಿದ್ಯುತ್ ಕಂಬಗಳ ಮೇಲೆ ಬಣ್ಣದಿಂದ ಗುರುತಿಸಿ. ಹಳ್ಳ ದಾಟಬೇಕಾದ ದಾರಿಯನ್ನು ಕೈಬಿಡಿ, ಏಕೆಂದರೆ ರಭಸದ ಹರಿವಿನಲ್ಲಿ 15 ಸೆಂಟಿಮೀಟರ್ ನೀರೂ ವಯಸ್ಕರನ್ನು ಬೀಳಿಸಬಲ್ಲದು, 60 ಸೆಂಟಿಮೀಟರ್ ನೀರು ಹೆಚ್ಚಿನ ವಾಹನಗಳನ್ನು ಎಳೆದೊಯ್ಯಬಲ್ಲದು.

ಹೆಚ್ಚು ಶ್ರಮ ಬೇಡುವುದು ಸುದ್ದಿಯ ಸರಪಳಿ. ಅಣೆಕಟ್ಟೆಯ ನಿಯಂತ್ರಣ ಕೊಠಡಿಯಿಂದ ಊರಿನಲ್ಲಿ ಯಾರಿಗೆ ಕರೆ ಬರುತ್ತದೆ, ಅವರು ಊರಲ್ಲಿಲ್ಲದಿದ್ದರೆ ಮುಂದಿನವರು ಯಾರು, ಮೊಬೈಲ್ ಗೋಪುರವೂ ವಿದ್ಯುತ್ತೂ ಕೈಕೊಟ್ಟಾಗ ಯಾವ ಬೀದಿಗೆ ಯಾರು ಓಡಿ ಹೇಳಬೇಕು ಎಂಬುದನ್ನು ಹೆಸರು ಹಿಡಿದು ನಿರ್ಧರಿಸಬೇಕು. ಸೈರನ್, ದೇವಸ್ಥಾನದ ಗಂಟೆ, ಮಸೀದಿಯ ಧ್ವನಿವರ್ಧಕ, ಡಂಗುರ ಯಾವುದಾದರೂ ಆಗಬಹುದು. ಆದರೆ ಆ ಸದ್ದಿಗೆ ಒಂದೇ ಅರ್ಥವಿರಬೇಕು. 2023ರ ಸೆಪ್ಟೆಂಬರ್‌ನಲ್ಲಿ ಲಿಬಿಯಾದ ಡೆರ್ನಾದಲ್ಲಿ ಎರಡು ಅಣೆಕಟ್ಟೆಗಳು ರಾತ್ರಿ ಒಡೆಯುವ ಮುನ್ನ ಜನರಿಗೆ ಸಿಕ್ಕ ಸೂಚನೆಗಳೇ ಪರಸ್ಪರ ವಿರುದ್ಧವಾಗಿದ್ದವು: ಮನೆಯಲ್ಲಿರಿ ಎಂದೂ, ಹೊರಡಿ ಎಂದೂ. ಆದ್ದರಿಂದ ಹೊರಡಿ ಎನ್ನುವ ಅಧಿಕಾರ ಯಾರದೆಂದು ಮೊದಲೇ ಗೊತ್ತಿರಲಿ. ಮೀನುಗಾರರು, ಮರಳು ತೆಗೆಯುವವರು, ಗುಡಿಸಲು ಹಾಕಿಕೊಂಡ ವಲಸೆ ಕೂಲಿಕಾರರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನೀರು ಮೊದಲು ಮುಟ್ಟುವುದು ಅವರನ್ನೇ.

ನಡೆಯಲಾಗದ ವೃದ್ಧರು, ಗರ್ಭಿಣಿಯರು, ಅಂಗವಿಕಲರ ಮನೆಗಳಿಗೆ ತಲಾ ಇಬ್ಬರು ನೆರೆಯವರನ್ನು ಗೊತ್ತುಮಾಡಿ. ಜಾನುವಾರುಗಳ ಹಗ್ಗ ಬಿಚ್ಚುವ ಕೆಲಸವನ್ನೂ ಹಂಚಿ, ಏಕೆಂದರೆ ಅವುಗಳಿಗಾಗಿಯೇ ಹಿಂದಿರುಗಿ ಸತ್ತವರಿದ್ದಾರೆ.

ಅಣಕು ಕಾರ್ಯಾಚರಣೆಯನ್ನು ಪ್ರತಿವರ್ಷ ಮಳೆಗಾಲಕ್ಕೆ ಮೊದಲು, ಒಮ್ಮೆಯಾದರೂ ಕತ್ತಲಲ್ಲಿ, ನಡೆಸಬೇಕು. ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ 2017ರ ಫೆಬ್ರವರಿಯಲ್ಲಿ ತುರ್ತು ಕೋಡಿಯ ಕೆಳಗಿನ ನೆಲ ಕೊಚ್ಚಿಹೋಗತೊಡಗಿದಾಗ ಸುಮಾರು 1.88 ಲಕ್ಷ ಜನರಿಗೆ ಹೊರಡಲು ಆದೇಶವಾಯಿತು. ವಾಹನಗಳು ರಸ್ತೆಯಲ್ಲೇ ಗಂಟೆಗಟ್ಟಲೆ ಸಿಲುಕಿದವು. ಕಟ್ಟೆ ಒಡೆಯಲಿಲ್ಲ. ಹಾಗಾದಾಗ ಸುಮ್ಮನೆ ಓಡಿಸಿದರೆಂದು ಎಚ್ಚರಿಕೆ ಕೊಟ್ಟವರನ್ನು ದೂರಬಾರದು; ದೂರಿದರೆ ಮುಂದಿನ ಸಲ ಅವರು ಹಿಂಜರಿಯುತ್ತಾರೆ. ನೀರು ಇಳಿದಂತೆ ಕಂಡರೂ ನಿಯಂತ್ರಣ ಕೊಠಡಿಯಿಂದ ಖಚಿತ ಮಾತು ಬರುವವರೆಗೆ ಯಾರೂ ಮನೆಗೆ ಮರಳಬಾರದು, ಮೇಲಿನ ಒಳಹರಿವು ಹೆಚ್ಚಿ ಗೇಟುಗಳು ಮತ್ತೆ ತೆರೆಯಬಹುದು.